ಅಖಾಡಕ್ಕೆ ಬಿದ್ದ ರುಮಾಲು

ಮೊನ್ನೆ ಸೊಸೆ ಉಪ್ಪಿನಕಾಯಿ ಹಾಕಲೆಂದು ಎಣ್ಣೆ, ಅರಿಸಿನ, ಹೆಚ್ಚಿದ ನಿಂಬೆಹಣ್ಣು ಹರವಿಕೊಂಡು ಕೂತಿದ್ದಳು. ಆ ವಾಸನೆಗೆ ಕೆಮ್ಮಣ್ಣೊಂದು ಸೇರಿದ್ದರೆ ಅದು ಚಿತ್ತಾಪುರದ ನಮ್ಮ ತಾಲೀಮಿನ, ಅಂದರೆ ಗರಡಿಮನೆಯ, ಅಖಾಡವೇ... ನಮಗೆ ಕುಸ್ತಿ ಕಲಿಸುತ್ತಿದ್ದ ವಸ್ತಾದರು ಅದೇ ಎಣ್ಣೆ, ಅರಿಸಿನ, ನಿಂಬೆರಸ ಬೆರೆಸಿ ಕುಸ್ತಿಯ ಮಣ್ಣನ್ನು ಹದ ಮಾಡುತ್ತಿದ್ದರು.

ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯ ಗದ್ದಲದಲ್ಲಿ ಮುಚ್ಚಿಹೋಗಿದ್ದ ತಾಲೀಮನ್ನು ಮತ್ತೆ ತೆರೆದವರು ಅವರೇ. ಓಣಿಯಲ್ಲಿ ಒಬ್ಬರ ಮುಖ ಒಬ್ಬರು ನೋಡಲು ಅಂಜುತ್ತಿದ್ದ ದಿನಗಳವು. ಅಂಥದರಲ್ಲೂ ಹಿಂದೂ, ಮುಸ್ಲಿಂ ಎನ್ನದೆ ಎಲ್ಲ ಮನೆಗಳ ಹುಡುಗರನ್ನು ಕರೆದು ಒಂದೇ ಮಣ್ಣಿಗಿಳಿಸಿದರು. ನಾನೂ ಹೋದೆ. ಹಗಲೆಲ್ಲ ಖಣಿಯಲ್ಲಿ ಹಾಸುಗಲ್ಲು ಎತ್ತುವ ಕೆಲಸ, ಬೆಳಗಿನ ಜಾವ ಕುಸ್ತಿ.

ಒಂದು ನಾಗಪಂಚಮಿಗೆ ಶಹಾಬಾದಿನಲ್ಲಿ ವಾಡಿಯ ಹೆಸರಾಂತ ಪೈಲ್ವಾನನ ಜೊತೆ ನನ್ನ ಜೋಡಿ ಬಿತ್ತು. ಬಹಳ ಹೊತ್ತು ಸಮಸಮ ನಡೆಯಿತು. ಕೊನೆಗೆ ಅವನು ನನ್ನನ್ನು ಬೋರಲು ಕೆಡವಿ ಬಲಗೈಯನ್ನು ಬೆನ್ನಿಗೆ ತಿರುವಿದ. ಹೆಗಲೊಳಗೆ ಏನೋ ಚಟ್ ಅಂದಿತು. ಆದರೂ ಬೆನ್ನು ಮಣ್ಣಿಗೆ ತಾಗಗೊಡಲಿಲ್ಲ ನಾನು. ಆಗ ವಸ್ತಾದರು ಎದ್ದು ನಿಂತು, ತಲೆಯ ರುಮಾಲು ಬಿಚ್ಚಿ ಅಖಾಡದೊಳಗೆ ಎಸೆದರು.

"ಸಾಕ್ರಿ, ಬಿಡ್ರಿ ಅವನ್ನ! ನಾವು ಸೋತೀವಿ."

ಅವರನ್ನು ಬರಿತಲೆಯಲ್ಲಿ ನಾನು ನೋಡಿದ್ದು ಅದೇ ಮೊದಲು. ಜನ ಸಿಳ್ಳೆ ಹಾಕಿ ನಕ್ಕರು.

ಊರಿಗೆ ಮರಳುವಾಗ ವಾಡಿ ಸ್ಟೇಷನ್ನಿನಲ್ಲಿ ಚಿತ್ತಾಪುರದ ರೈಲಿಗೆ ಕಾಯುತ್ತ ಕೂತಾಗ ನನಗೆ ತಡೆಯಲಾಗಲಿಲ್ಲ. "ನಾ ಇನ್ನೂ ಸೋತಿದ್ದಿಲ್ರಿ. ನೀವ್ಯಾಕ ಸೋತ್ರಿ?" ಎಂದೆ.

ಅವರು ಅಂಗಿಯ ತೋಳು ಮೇಲೇರಿಸಿದರು. ಎಡ ಮೊಣಕೈ ನೆಟ್ಟಗಾಗುತ್ತಿರಲಿಲ್ಲ. ದಿನವೂ ನೋಡುತ್ತಿದ್ದೆ, ಯಾಕೆಂದು ಕೇಳಿರಲಿಲ್ಲ.

"ಹೈದ್ರಾಬಾದ್‌ನಾಗ ಹಿಂಗೇ ಸಿಕ್ಕಿತ್ತು ಈ ಕೈ. ನನ್ನ ವಸ್ತಾದ ಸುಮ್ಮ ಕುಂತ. ಮುರಿದ ಕೈಲೇ ಗೆದ್ದೆ, ಬೆಳ್ಳಿ ಕಡಗ ಹಾಕಿದ್ರು. ಆದ್ರ ಮಗಳು ಹುಟ್ಟಿದಾಗ ಎರಡೂ ಕೈಲೆ ಎತ್ಕೊಳ್ಳಾಕ ಆಗ್ಲಿಲ್ಲ, ಬೇಟಾ."



ಆ ಮಳೆಗಾಲ ಮುಗಿಯುವಷ್ಟರಲ್ಲಿ ನನ್ನ ಕೈ ವಾಸಿಯಾಯಿತು. ತಾಲೀಮು ಮಾತ್ರ ಉಳಿಯಲಿಲ್ಲ. ವಸ್ತಾದ ಊರಿನ ಮಾನ ಕಳೆದನೆಂದು ಹಿರಿಯರು ತಮ್ಮ ಹುಡುಗರನ್ನು ಬಿಡಿಸಿದರು. ವಸ್ತಾದರು ಯಾರೊಂದಿಗೂ ವಾದಕ್ಕಿಳಿಯಲಿಲ್ಲ. ಕೆಲವು ದಿನ ನಾವಿಬ್ಬರೇ ಮಣ್ಣು ಅಗೆದೆವು... ಆಮೇಲೆ ಅವರು ಮಗಳಿದ್ದ ತಾಂಡೂರಿಗೆ ಹೊರಟರು. ರೈಲು ಬಿಡುವಾಗ ಕಿಟಕಿಯಿಂದ ಕೈ ಚಾಚಿ ನನ್ನ ಹೆಗಲನ್ನು ಒತ್ತಿ ನೋಡಿದರು, ಇನ್ನೂ ನೋವಿದೆಯೇನೋ ಎಂದು.

ಮತ್ತೆ ಭೇಟಿಯಾಗಲಿಲ್ಲ. ತೀರಿಕೊಂಡ ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ಮಣ್ಣು ಕೊಟ್ಟು ತಿಂಗಳಾಗಿತ್ತು. ತಾಲೀಮಿದ್ದಲ್ಲಿ ಈಗ ಅಂಗಡಿಗಳ ಸಾಲು. ಅವರ ಮಾತು ಯಾರೊಂದಿಗಾದರೂ ಆಡೋಣವೆಂದರೆ, ಆ ಓಣಿಯಲ್ಲಿ ಅವರನ್ನು ಕಂಡವರು ಯಾರೂ ಉಳಿದಿಲ್ಲ.