ಎಚ್ಚರಿಕೆ ಕೊಡದ ಮೈಕು

ಮೈಕಿನಣ್ಣನ ಮೇಲ್ಸಾಲಿನ ಮುಂದಿನ ಹಲ್ಲಿನಲ್ಲಿ ಸಣ್ಣ ಕಚ್ಚೊಂದು ಬಿದ್ದಿತ್ತು. ವಯರಿನ ತುದಿಯನ್ನು ಆ ಕಚ್ಚಿಗೆ ಸಿಕ್ಕಿಸಿ ಟಕ್ಕನೆ ಎಳೆದರೆ ಸಿಪ್ಪೆ ಬಾಯೊಳಗೆ, ತಾಮ್ರ ಹೊರಗೆ. ಸಿಪ್ಪೆಯನ್ನು ಫೂ ಎಂದು ಉಗಿದು, ನಿಲ್ಲಿಸಿದ ಮಾತನ್ನು ಅಲ್ಲಿಂದಲೇ ಮುಂದುವರಿಸುತ್ತಿದ್ದರು. ಮೂವತ್ತು ವರ್ಷ ಹೀಗೆ ಸುಲಿದೂ ಸುಲಿದೂ ಹಲ್ಲೇ ಸವೆದಿತ್ತು. ಇಕ್ಕಳ ಇಲ್ಲವಾ ಎಂದು ಒಮ್ಮೆ ಕೇಳಿದ್ದೆ. "ಇತ್ತ್ ಮಾರ್ರೆ. ಅದನ್ನ್ ಹುಡ್ಕುದ್ರೊಳ್ಗೆ ಮದುಮಗ್ಳ್ ಗಂಡನ್ ಮನಿಗ್ ಹೋಯಿರ್ತ್" ಎಂದು ನಕ್ಕಿದ್ದರು.

ಬೀಜಾಡಿ ಕಡೆಯವರು. ನಾಲ್ಕು ಹಾರ್ನು, ಎರಡು ಆಂಪ್ಲಿಫೈಯರು, ಒಂದು ಹಳೆಯ ಟೆಂಪೊ, ಇಷ್ಟೇ ಅವರ ಆಸ್ತಿ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಮದುವೆ, ಮುಂಜಿ, ಯಕ್ಷಗಾನ, ಚುನಾವಣೆ, ಯಾವುದಕ್ಕೆ ಕರೆದರೂ ಹೋಗುತ್ತಿದ್ದರು. ಉಳಿದವರೆಲ್ಲ ಹಲೋ ಹಲೋ ಎಂದು ಮೈಕು ಪರೀಕ್ಷೆ ಮಾಡಿದರೆ ಇವರು ಗಂಟಲು ಸರಿಮಾಡಿಕೊಂಡು "ಹ್ವಾಯ್, ಕೇಂತಾ?" ಎನ್ನುತ್ತಿದ್ದರು. ದೂರದಿಂದ ಯಾರಾದರೂ "ಕೇಂತ್, ಕೇಂತ್" ಎಂದು ಕೂಗುವವರೆಗೂ ಬಿಡುತ್ತಿರಲಿಲ್ಲ. ಬೆಳಿಗ್ಗೆ ಒಂದು ಪಕ್ಷದ ಸಭೆ, ಸಂಜೆ ಅದರ ವಿರೋಧಿಗಳ ಸಭೆ, ಎರಡಕ್ಕೂ ಅವರದೇ ಹಾರ್ನು. ಯಾರಾದರೂ ಕುಟುಕಿದರೆ ಉತ್ತರ ಸಿದ್ಧವಿತ್ತು: "ಮೈಕ್ ಸುಳ್ ಹೇಳುದಿಲ್ಲ. ಅದ್ರ ಮುಂದ್ ನಿಂತವ ಹೇಳುದ್."

ನಾನು ಕುಂದಾಪುರದಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದೆ. ಬೆಳಿಗ್ಗೆ ಮತ್ತು ಸಂಜೆ ಮಕ್ಕಳಿಗೆ ಕಲಿಸುವುದು, ನಡುವೆ ಅರ್ಜಿ, ಕರಾರು, ಅಫಿಡವಿಟ್ಟು ಹೊಡೆದುಕೊಡುವುದು. ಕಚೇರಿಯವರು, ವಕೀಲರ ಗುಮಾಸ್ತರು, ಪೊಲೀಸರು, ಎಲ್ಲರೂ ನನ್ನ ಗಿರಾಕಿಗಳೇ. ಮೈಕಿನಣ್ಣ ನನಗಿಂತ ಹದಿನೈದು ವರ್ಷಕ್ಕಾದರೂ ದೊಡ್ಡವರು, ಆದರೂ ಕೊನೆಯವರೆಗೆ ನನ್ನನ್ನು "ಟೀಚ್ರೆ" ಎಂದೇ ಕರೆದರು. ಆ ಮರ್ಯಾದೆಗೆ ನಾನು ಯೋಗ್ಯಳಾಗಿರಲಿಲ್ಲ. ಯಾಕೆ ಎಂಬುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಮಳೆಗಾಲದಲ್ಲಿ ಕಡಲು ಉಕ್ಕಿ ಒಂದು ಊರಿನ ತೆಂಗಿನ ಮರಗಳನ್ನೂ ಎರಡು ಮನೆಗಳನ್ನೂ ನುಂಗಿತು. ಊರಿನ ಹೆಸರು ಬೇಡ, ಠಾಣೆಯ ಹೆಸರೂ ಬೇಡ. ಕಡಲ ತಡೆಗೆ ಕಲ್ಲು ಹಾಕಿಸಿ ಎಂದು ಕೇಳೀ ಕೇಳೀ ಸಾಕಾಗಿ ಮೀನುಗಾರರು ಹೆದ್ದಾರಿಯಲ್ಲಿ ಕುಳಿತರು. ಮೈಕು ನಮ್ಮ ಮೈಕಿನಣ್ಣನದು. ಭಾಷಣ ನಡೆಯುತ್ತಿದ್ದಂತೆ ಪೊಲೀಸರ ವ್ಯಾನು ಬಂತು. ಇಳಿದವರು ಮಾಡಿದ ಮೊದಲ ಕೆಲಸ ಆಂಪ್ಲಿಫೈಯರಿನ ಬ್ಯಾಟರಿ ವಯರು ಕಿತ್ತದ್ದು. ಹಾರ್ನು ಬಾಯಿ ಮುಚ್ಚಿತು. ಆಮೇಲೆ ಲಾಠಿ. ಬುಟ್ಟಿ ಪಕ್ಕದಲ್ಲಿಟ್ಟುಕೊಂಡು ರಸ್ತೆಯಲ್ಲಿ ಕುಳಿತಿದ್ದ ಮೀನು ಮಾರುವ ಅಕ್ಕ ಒಬ್ಬಳ ಬಲ ಮಣಿಕಟ್ಟು ಮುರಿಯಿತು. ಎದ್ದು ಹೋಗಿ ಎಂದು ಒಬ್ಬನಾದರೂ ಬಾಯಿ ಬಿಟ್ಟು ಹೇಳಲಿಲ್ಲ.

ಮೈಕ್‌ಸೆಟ್ಟನ್ನು ಠಾಣೆಗೆ ಹೊತ್ತುಕೊಂಡು ಹೋದರು. ಮರುದಿನ ಹಟ್ಟಿಯಂಗಡಿಯಲ್ಲಿ ಮದುವೆಗೆ ಮೈಕು ಒಪ್ಪಿಕೊಂಡಾಗಿತ್ತು. ಮೈಕಿನಣ್ಣ ಬೆಳ್ಳಂಬೆಳಿಗ್ಗೆ ಹೋಗಿ ಠಾಣೆಯ ಜಗಲಿಯಲ್ಲಿ ಕುಳಿತರು. ಹೊತ್ತು ಏರಿದ ಮೇಲೆ ಒಬ್ಬ ಬಿಳಿ ಹಾಳೆ ತಂದು, "ಕೆಳಗೆ ಒಂದು ಸಹಿ ಹಾಕಿ ತಗೊಂಡು ಹೋಗಿ, ರಶೀದಿ ಆಮೇಲೆ ಬರ್ಕೊಳ್ತೇವೆ" ಎಂದ. ಹಾಕಿದರು. ಈ ಕಸುಬಿನವರು ಮಾಡುವ ತಪ್ಪೇ ಅದು. ಕರೆದ ಮನೆಗೆ ಹೊತ್ತಿಗೆ ಮುಟ್ಟದಿದ್ದರೆ ಮಾನ ಹೋಯಿತು ಎಂದುಕೊಳ್ಳುವವರಿಗೆ ಬಿಳಿ ಹಾಳೆ ಬರೀ ಬಿಳಿ ಹಾಳೆಯಾಗಿಯೇ ಕಾಣುತ್ತದೆ.

ಒಂದು ತಿಂಗಳಾದ ಮೇಲೆ ಪೇಪರಿನಲ್ಲಿ ಬಂತು. ಯಾರೋ ಅಧಿಕಾರಿ ವಿಚಾರಣೆ ಮಾಡಿ ವರದಿ ಕೊಟ್ಟಿದ್ದರು. ಮೈಕ್ ಮಾಲೀಕರು ಸ್ವಇಚ್ಛೆಯಿಂದ ಪೊಲೀಸರಿಗೆ ಕೊಟ್ಟ ಧ್ವನಿವರ್ಧಕದ ಮೂಲಕ ಮೂರು ಸಲ ಎಚ್ಚರಿಕೆ ನೀಡಲಾಗಿದೆ, ಹಾಗೆಂದು ಸದರಿ ಮಾಲೀಕರೇ ಹೇಳಿಕೆ ಕೊಟ್ಟಿದ್ದಾರೆ, ಗುಂಪು ಚದುರದ ಕಾರಣ ಲಘು ಬಲಪ್ರಯೋಗ ಮಾಡಲಾಗಿದೆ. ಲಘು! ಆ ಅಕ್ಕನ ಕೈ ಇವತ್ತಿಗೂ ಸೊಟ್ಟ, ಬುಟ್ಟಿಯನ್ನು ಒಂದೇ ಕೈಯಲ್ಲಿ ತಲೆಗೇರಿಸುತ್ತಾಳೆ. ಸರಕಾರದ ಭಾಷೆಯಲ್ಲಿ ನನಗೆ ಅತ್ಯಂತ ಹೇಸಿಗೆ ಹುಟ್ಟಿಸುವ ಶಬ್ದ ಅದೊಂದೇ.

ಆ ಸುದ್ದಿಯ ಮೇಲೆ ಕಡಲಕರೆಯವರು, ಆ ಮೀನುಗಾರರು, ಮೈಕಿನಣ್ಣನನ್ನು ಕೈಬಿಟ್ಟರು. ಮದುವೆಗೂ ಕರೆಯಲಿಲ್ಲ, ಮನೆ ಒಕ್ಕಲಿಗೂ ಕರೆಯಲಿಲ್ಲ. ಟೆಂಪೊ ಕಂಡರೆ ಮಕ್ಕಳು "ಪೊಲೀಸ್ರ ಮೈಕ್, ಪೊಲೀಸ್ರ ಮೈಕ್" ಎಂದು ಕೂಗುತ್ತಿದ್ದವು. ಹಾಗೆ ಹೇಳಿಕೆ ಕೊಟ್ಟೇ ಇಲ್ಲ ಎಂದು ಮನೆಮನೆಗೆ ಹೋಗಿ ಹೇಳಿದರು. "ಮತ್ತ್ ಪೇಪರಂಗೆ ಹ್ಯಾಂಗೆ ಬಂತ್?" ಎಂದು ಎಲ್ಲರೂ ಕೇಳಿದರು.

ಕೆಲವು ವರ್ಷಗಳಲ್ಲಿ ಮಾಹಿತಿ ಹಕ್ಕು ಬಂತು. ಯಾರು ಹೇಳಿದರೋ, ಒಂದು ದಿನ ಮಧ್ಯಾಹ್ನ ನನ್ನ ಕ್ಲಾಸಿನ ಬಾಗಿಲಲ್ಲಿ ಬಂದು ನಿಂತರು. "ಹ್ವಾಯ್ ಟೀಚ್ರೆ, ಒಂದ್ ಅರ್ಜಿ ಹೊಡ್ದ್ ಕೊಡ್ಕ್." ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಿದರು. ಬಿಳಿ ಹಾಳೆಯ ಮಾತು ಬಂದಾಗ ನನ್ನ ಬೆರಳು ಕೀಲಿಯ ಮೇಲೆ ನಿಂತಿತು.

ಏಕೆಂದರೆ ಆ ಹಾಳೆ ನನ್ನ ಮೆಷಿನ್ನಿಗೇ ಬಂದಿತ್ತು.

ಲಾಠಿ ಬಿದ್ದ ಕೆಲವೇ ದಿನಕ್ಕೆ, ಟೈಪಿಂಗ್ ಪರೀಕ್ಷೆಯ ಗಡಿಬಿಡಿಯ ನಡುವೆ, ಕಾನ್‌ಸ್ಟೇಬಲ್ ಒಬ್ಬ ಕೈಬರಹದ ಕರಡೊಂದನ್ನೂ ಕೆಳಗೆ ಸಹಿ ಇದ್ದ ಖಾಲಿ ಹಾಳೆಯನ್ನೂ ತಂದಿದ್ದ. "ಸಹಿಗಿಂತ ಮೇಲೇ ಮುಗೀಬೇಕು ಟೀಚರ್" ಎಂದಿದ್ದ. ಸಹಿ ಮೊದಲು, ಮಾತು ಆಮೇಲೆ ಎಂದರೆ ಏನರ್ಥ ಎಂದು ನನಗೆ ತಿಳಿಯದ್ದೇನಲ್ಲ. ಕೇಳಲಿಲ್ಲ. ಆಗ ಮೈಕಿನಣ್ಣನ ಪರಿಚಯವೂ ಇರಲಿಲ್ಲ ಎಂದು ಸಮಾಧಾನ ಹೇಳಿಕೊಳ್ಳಬಹುದು, ಆದರೆ ಪರಿಚಯ ಇಲ್ಲದವನ ಕುತ್ತಿಗೆಯೂ ಕುತ್ತಿಗೆಯೇ. ನಾನು ಸಾಲು ಎಣಿಸಿದೆ, ಅಂಚು ಸರಿಮಾಡಿದೆ, ಕೊನೆಯ ಸಾಲು ಸಹಿಗಿಂತ ಎರಡು ಬೆರಳು ಮೇಲೆ ಬಂದು ನಿಲ್ಲುವ ಹಾಗೆ ಹೊಡೆದುಕೊಟ್ಟೆ. ಎಷ್ಟು ಚೊಕ್ಕ ಬಂತು ಎಂದು ಹೆಮ್ಮೆ ಬೇರೆ. ಥೂ ನನ್ನ ಜನ್ಮಕ್ಕೆ.

ಅರ್ಜಿ ಹೊಡೆಸಲು ಬಂದ ಅವತ್ತೇ ಅವರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಅರ್ಜಿ ಹೊಡೆದುಕೊಟ್ಟೆ. ಎಚ್ಚರಿಕೆ ಕೊಟ್ಟ ಮೈಕು ಯಾವುದು? ಎಷ್ಟು ಗಂಟೆಗೆ ಕೊಟ್ಟದ್ದು? ಮೈಕು ಹಿಡಿದು ಮಾತಾಡಿದ ಅಧಿಕಾರಿ ಯಾರು? ಮಾಲೀಕರ ಹೇಳಿಕೆ ಎಂಬುದರ ಪ್ರತಿ ಕೊಡಿ. ನಾನೇ ಹೊಡೆದ ಕಾಗದದ ಪ್ರತಿ ಕೊಡಿ ಎಂದು ನಾನೇ ಅರ್ಜಿ ಹೊಡೆಯುತ್ತಿದ್ದೆ. ಅವರು ಪಕ್ಕದಲ್ಲಿ ಕುಳಿತು ಒಂದೊಂದು ಪ್ರಶ್ನೆಗೂ "ಲಾಯ್ಕ್ ಆಯ್ತ್ ಟೀಚ್ರೆ" ಎನ್ನುತ್ತಿದ್ದರು.

ಬಂದ ಉತ್ತರಗಳನ್ನು ನಾಯಿಯೂ ಮೂಸದು. ಮೊದಲ ಸಲ, ಕೋರಿರುವ ಮಾಹಿತಿ ಸ್ಪಷ್ಟವಾಗಿರುವುದಿಲ್ಲ. ಎರಡನೆಯ ಸಲ, ಸದರಿ ಮಾಹಿತಿ ಕೊಟ್ಟಲ್ಲಿ ಸಾರ್ವಜನಿಕ ನೆಮ್ಮದಿಗೆ ಭಂಗ ಬರುವ ಸಂಭವವಿರುತ್ತದೆ. ಮೈಕಿನಣ್ಣ ಅದನ್ನು ಎರಡೆರಡು ಸಲ ಓದಿಸಿಕೊಂಡು, "ಅಲ್ಲ ಟೀಚ್ರೆ, ಮೈಕ್ ಯಾವ್ದ್ ಅಂತ ಕೇಂಡ್ರೆ ಯಾರ್ ನೆಮ್ಮದಿ ಹೋತ್?" ಎಂದರು. ಮೂರನೆಯ ಸಲ, ಕಡತಕ್ಕೆ ಗೆದ್ದಲು ಹಿಡಿದಿರುತ್ತದೆ. ಠಾಣೆಗೆ ಖುದ್ದಾಗಿ ಹೋದರೆ, "ನಿಮಗ್ಯಾಕೆ ಇದೆಲ್ಲ? ನಾಳೆ ಮೈಕ್ ಪರ್ಮಿಶನ್‌ಗೆ ನಮ್ಮ ಹತ್ರವೇ ಬರಬೇಕಲ್ಲ" ಎಂಬ ನಗು. ಆ ನಗುವನ್ನು ಅವರು ನನಗೆ ಮಾಡಿ ತೋರಿಸಿದ್ದರು.

ಬೆಂಗಳೂರಿನ ಮಾಹಿತಿ ಆಯೋಗಕ್ಕೆ ಮೇಲ್ಮನವಿ ಹಾಕಿ ನಾಲ್ಕು ಸಲ ಹೋಗಿಬಂದರು. ಮೂರು ಸಲ ಪೊಲೀಸರ ಕಡೆಯವರೇ ಬರಲಿಲ್ಲ. ನಾಲ್ಕನೆಯ ಸಲ, ಗೆದ್ದಲು ತಿಂದಿದ್ದ ಕಡತ ಹೇಗೋ ಇಡಿಯಾಗಿ ಸಿಕ್ಕಿತು. ಆ ಪ್ರತಿಗಳನ್ನು ಹಿಡಿದುಕೊಂಡು ಬಸ್ಸಿಳಿದವರೇ ಸೀದಾ ನನ್ನ ಹತ್ತಿರ ಬಂದರು. ಹೇಳಿಕೆಯನ್ನು ನನ್ನ ಮುಂದೆ ಇಟ್ಟು, "ಸಹಿ ನಂದೇ. ಮಾತ್ ಒಂದೂ ನಂದಲ್ಲ" ಎಂದರು. ಕೊನೆಯ ಸಾಲು ಸಹಿಗಿಂತ ಎರಡು ಬೆರಳು ಮೇಲೆ ನಿಂತಿತ್ತು.

ಆಗ ಹೇಳಿದೆ. ಅಳುತ್ತಲೇ ಹೇಳಿದೆ ಎಂದು ಬರೆದರೆ ನಾಟಕವಾದೀತು, ಆದರೆ ಅತ್ತದ್ದು ನಿಜ. ಅವರು ಹಾಳೆಯನ್ನು ಮಡಚಿ ಕಿಸೆಗೆ ಹಾಕಿಕೊಂಡರು. ಆಮೇಲೆ, "ನೀವ್ ಹೊಡೀದೇ ಇದ್ರೆ ಮತ್ತೊಬ್ರ್ ಹೊಡೀತಿದ್ರ್. ನಾನ್ ಸಹಿ ಹಾಕ್ದಿದ್ರೆ ಯಾರಿಗೂ ಎಂತ ಮಾಡುಕೂ ಆತಿರ್ಲಿಲ್ಲ" ಎಂದರು. ಎದ್ದು ಚಪ್ಪಲಿ ಮೆಟ್ಟಿಕೊಂಡವರು ಬಾಗಿಲಲ್ಲಿ ತಿರುಗಿ ನಿಂತು ಒಂದೇ ಒಂದು ಕೇಳಿದರು. "ಅಲ್ಲಿ ಕಡಲಕರೆಗೆ ಹೋಯಿ ಇದನ್ನ್ ಓದಿ ಹೇಳ್ಕ್ ಅಂದೇಳಿ ಇದ್ದೆ. ನೀವೂ ಬಂದ್ ಒಂದ್ ಮಾತ್ ಹೇಳ್ತ್ರ್ಯಾ?"

"ಬರ್ತೇನೆ ಅಣ್ಣ" ಎಂದೆ.

ಮಳೆಗಾಲ, ದೋಣಿಗಳೆಲ್ಲ ದಡಕ್ಕೇರಿ ಗಂಡಸರು ಊರಲ್ಲೇ ಇರುವ ಸಮಯ ನೋಡಿ ಹೋದರು, ನಾನೂ ಹೋದೆ. ಮೈಕಿಗೆ ಅನುಮತಿ ಕೇಳಿ ಅರ್ಜಿ ಕೊಟ್ಟಿದ್ದರು, ಅದಕ್ಕೆ ಹೂಂ ಎಂಬ ಉತ್ತರವೂ ಇಲ್ಲ, ಊಹೂಂ ಎಂಬುದೂ ಇಲ್ಲ. ಬಲೆ ರಿಪೇರಿ ಮಾಡುವ ಚಪ್ಪರದ ಕಂಬಕ್ಕೆ ಒಂದು ಹಾರ್ನು ಕಟ್ಟಿದರು. "ಹ್ವಾಯ್, ಕೇಂತಾ?" ಎಂದರು. ಯಾರೂ ಉತ್ತರ ಕೊಡಲಿಲ್ಲ. ಜನ ಮಾತ್ರ ಒಬ್ಬೊಬ್ಬರಾಗಿ ಬಂದು ನಿಂತರು. ತಮ್ಮ ಹೆಸರಿನಲ್ಲಿದ್ದ ಆ ಹೇಳಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಬಿಳಿ ಹಾಳೆಗೆ ಸಹಿ ಹಾಕಿದ್ದನ್ನು ಹೇಳಿ, "ತಪ್ಪ್ ನಂದ್. ಆದ್ರೆ ಈ ಮಾತ್ ನಂದಲ್ಲ" ಎಂದರು.

ಮುಂದೆ ನಿಂತಿದ್ದವಳು ಅದೇ ಸೊಟ್ಟ ಕೈಯ ಅಕ್ಕ. "ಸಹಿ ನಿಮ್ದ್ ಅಂತ್ರಿ. ಮತ್ತೆ ಅದನ್ನ್ ಹೊಡ್ದದ್ದ್ ಯಾರ್? ಅವ್ರ್ ಬಂದ್ ಹೇಳ್ಲಿ ಕಾಂಬ" ಎಂದಳು.

ನಾನು ಹತ್ತು ಹೆಜ್ಜೆ ದೂರದಲ್ಲಿ ಕೊಡೆ ಹಿಡಿದು ನಿಂತಿದ್ದೆ. ತೆಂಗಿನ ಮರದ ಹತ್ತಿರ ಜೀಪು ನಿಂತಿತ್ತು. ಅಂದು ಹಾಳೆ ತಂದಿದ್ದ ಕಾನ್‌ಸ್ಟೇಬಲ್, ಈಗ ಹೆಡ್ ಕಾನ್‌ಸ್ಟೇಬಲ್, ಅದಕ್ಕೆ ಒರಗಿಕೊಂಡು ನನ್ನನ್ನೇ ನೋಡುತ್ತಿದ್ದ. ನಾಳೆಯಿಂದ ಕೆಲಸ ಯಾರು ತರುತ್ತಾರೆ, ಗಂಡ ಏನೆನ್ನುತ್ತಾನೆ, ಜನ ಏನೆನ್ನುತ್ತಾರೆ, ಎಲ್ಲ ಲೆಕ್ಕ ತಲೆಯಲ್ಲಿ ಓಡಿತು. ಕಾಲು ಮಾತ್ರ ಓಡಲಿಲ್ಲ, ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಮೈಕಿನಣ್ಣ ನನ್ನ ಕಡೆ ನೋಡಿದರು. ಕಾದರು. ಆಮೇಲೆ ಮೈಕಿಗೆ ಬಾಯಿ ಕೊಟ್ಟು, "ಅದ್ ನಂಗ್ ಗೊತ್ತಿಲ್ಲೆ" ಎಂದರು.

ಒಂದು ಸುಳ್ಳು ಸಾಲನ್ನು ಅಳಿಸಲು ವರ್ಷಗಟ್ಟಲೆ ಅಲೆದ ಮನುಷ್ಯ ನನ್ನ ಮಾನ ಉಳಿಸಲು ತನ್ನದೇ ಮೈಕಿನಲ್ಲಿ ಸುಳ್ಳು ಹೇಳಿದರು. ಅಕ್ಕ ಮರಳಿನ ಮೇಲೆ ಉಗಿದು ಹೊರಟಳು. ಅರ್ಧ ಜನ ನಂಬಿದರು, ಅರ್ಧ ಜನ ನಂಬಲಿಲ್ಲ. ಅನುಮತಿ ಇಲ್ಲದೆ ಧ್ವನಿವರ್ಧಕ ಬಳಸಿದ್ದಕ್ಕೆ ಪೊಲೀಸರು ಕೇಸು ಹಾಕಿದರು. ಆ ಕಾಗದ ಹೇಗಿತ್ತೆಂದರೆ, ಹೊತ್ತು ಗಳಿಗೆ, ಹಾರ್ನು ಎಷ್ಟು, ಯಾವ ಕಂಬ, ಯಾವ ಬಣ್ಣದ ವಯರು, ಒಂದೂ ತಪ್ಪಿರಲಿಲ್ಲ. ಬರೆಯಲಿಕ್ಕೆ ಬರುತ್ತದೆ ಅವರಿಗೆ. ಬೇಕಾದಾಗ ಎಷ್ಟು ಸತ್ಯವನ್ನಾದರೂ ಬರೆಯುತ್ತಾರೆ.

ಆಮೇಲೆಯೂ ಮೈಕಿನಣ್ಣ ನನ್ನ ಕ್ಲಾಸಿಗೆ ಬರುವುದನ್ನು ಬಿಡಲಿಲ್ಲ. ಆ ದಿನದ ಮಾತು ಎತ್ತಲಿಲ್ಲ. ಅವರ ಮನೆಗೆ ನಾನು ಹೋದರೆ ಹೆಂಡತಿ ಬೆಲ್ಲದ ಕಾಫಿ ಕೊಡುತ್ತಿದ್ದರು, ಕುಡಿದು ಬರುತ್ತಿದ್ದೆ. ಎರಡು ವರ್ಷ ಕಳೆದಿರಬೇಕು, ಬ್ರಹ್ಮಾವರದ ಹತ್ತಿರ ಒಂದು ಮದುವೆ ಮನೆಯಲ್ಲಿ ಹಾರ್ನು ಬಿಚ್ಚುತ್ತಿದ್ದಾಗ ಎದೆ ಹಿಡಿದುಕೊಂಡು ಕುಳಿತವರು ಏಳಲಿಲ್ಲ.

ಹದಿಮೂರನೆಯ ದಿನ ಬೊಜ್ಜಕ್ಕೆ, ಸಾವಿನ ಊಟಕ್ಕೆ, ಹೋದೆ. ಕಡಲಕರೆಯಿಂದ ನಾಲ್ಕೈದು ಜನ ಬಂದಿದ್ದರು, ಅಷ್ಟೇ. ಅಡುಗೆ ಕೋಣೆಯ ಬಾಗಿಲಲ್ಲಿ ಅವರ ಹೆಂಡತಿ ಒಬ್ಬರೇ ಸಿಕ್ಕರು. ಇನ್ನು ಬಚ್ಚಿಡಲಾರೆ ಎನಿಸಿ, "ಅತ್ತಿಗೆ, ಅಣ್ಣನ ಆ ಹೇಳಿಕೆ ಹೊಡೆದದ್ದು ನಾನು" ಎಂದೆ.

"ಗೊತ್ತಿತ್ತ್" ಎಂದರು. "ಅವ್ರ್ ಬೆಂಗ್ಳೂರಿಂದ ಬಂದ್ ದಿನವೇ ಹೇಳಿದ್ರ್."

ಇಷ್ಟು ದಿನ ಒಂದು ಮಾತೂ ಕೇಳಲಿಲ್ಲವಲ್ಲ ಎಂದೆ.

"ಕೇಂಬುದ್ ಬೇಡ ಅಂದಿದ್ರ್. ಟೀಚ್ರ್ ಅವ್ರಾಯೇ ಕಡಲಕರೆಗೆ ಹೋಯಿ ಹೇಳ್ತ್ರ್ ಅಂತಿದ್ರ್." ಸೆರಗಿನಿಂದ ಮುಖ ಒರೆಸಿಕೊಂಡರು. "ಅವ್ರ್ ಜೀವದಂಗ್ ಇಪ್ಪತಿಗೇ ಹೇಳಿದ್ರೆ ಆತಿತ್ತ್. ಬನ್ನಿ, ಎಲಿ ಹಾಕಿತ್, ಉಂಡ್ಕಂಡೇ ಹೋಯ್ಕ್."

ಹೋಗಿ ಪಂಕ್ತಿಯಲ್ಲಿ ಕುಳಿತೆ. ನನ್ನ ಎಡಕ್ಕೆ ಆ ಕಡಲಕರೆಯವರು ಕುಳಿತಿದ್ದರು. ಬಾಯಿ ಬಿಡಬೇಕಿದ್ದರೆ ಅದೇ ಹೊತ್ತು, ಅದೇ ಜಾಗ. ಅನ್ನ ಬಂತು, ಸಾರು ಬಂತು, ಪಾಯಸ ಬಂತು. ನಾನು ತಲೆ ತಗ್ಗಿಸಿ ಎಲ್ಲವನ್ನೂ ಉಂಡೆ.