ಮನೂಕದ ಶೆಡ್ಡಿನೊಳಗಿನ ವಿಮಾನ

ಮದುವೆಗೆ ಮುಂಚೆ ನಾನು ಮಿರಜಿನ ಹತ್ತಿರದ ಒಂದು ಕಾರ್ಖಾನೆಯಲ್ಲಿ ಟ್ರ್ಯಾಕ್ಟರುಗಳಿಗೆ ವೈರಿಂಗ್ ಕಟ್ಟುತ್ತಿದ್ದೆ. ಬಣ್ಣಬಣ್ಣದ ವೈರುಗಳನ್ನು ಹಲಗೆಯ ಮೇಲಿನ ಮೊಳೆಗಳ ನಡುವೆ ಹಾಯಿಸಿ, ಬಿಗಿದು ಕಟ್ಟುವ ಕೆಲಸ. ಅದೇ ಕೈಗಳು ಮುಂದೊಂದು ದಿನ ವಿಮಾನದ ಹೊಟ್ಟೆಯೊಳಗೆ ಹೋಗುತ್ತವೆ ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ನಮ್ಮ ಮನೆಯವರು ಸೈನ್ಯದಲ್ಲಿ ವಿಮಾನಗಳ ಮೆಕ್ಯಾನಿಕ್ ಆಗಿದ್ದವರು. ನಿವೃತ್ತರಾಗಿ ಕಾಗವಾಡದ ಹತ್ತಿರದ ನಮ್ಮ ದ್ರಾಕ್ಷಿ ತೋಟಕ್ಕೆ ಬಂದ ಮೇಲೆ, ದ್ರಾಕ್ಷಿಯನ್ನು ಒಣಗಿಸಿ ಮನೂಕ ಮಾಡುವ ಶೆಡ್ಡಿನ ಅರ್ಧ ಭಾಗ ಖಾಲಿ ಮಾಡಿ, ಎರಡು ಸೀಟಿನ ಪುಟ್ಟ ವಿಮಾನ ಕಟ್ಟತೊಡಗಿದರು. ಅಥಣಿಯಿಂದ ಬಂದ ನನ್ನ ಅಕ್ಕ ಅದನ್ನು ಬಾಗಿಲಲ್ಲೇ ನಿಂತು ನೋಡಿದಳು, ಒಳಗೆ ಕಾಲಿಡಲಿಲ್ಲ. "ಇದರ ಮಾರಿ ನೋಡಿದ್ರ ನನಗ ಯಾಕೋ ಒಂಥರಾ ಆಗತೈತಿ, ಬೇ" ಅಂದಳು.

"ವೈರಿಂಗ್ ನೀ ಮಾಡು. ನನ್ನ ಕೈ ಒಳಗ ಹೋಗೂದಿಲ್ಲ" ಎಂದರು ಇವರು.

ಬ್ಯಾಟರಿ ಸೀಟಿನ ಹಿಂದೆ, ಎಂಜಿನ್ ಮುಂದೆ. ನಡುವೆ, ನೆಲದ ತಗಡಿನ ಕೆಳಗೆ ಪೆಟ್ರೋಲಿನ ಪೈಪು. ಪೆಟ್ರೋಲ್ ಸೋರಿದರೆ ವೈರಿನ ಮೇಲೆ ತೊಟ್ಟಿಕ್ಕಬಾರದು, ಹಾಗಾಗಿ ವೈರುಗಳು ಪೈಪಿಗಿಂತ ಮೇಲೆ ಹೋಗಬೇಕು. ತಗಡಿನ ತೂತಿನಲ್ಲಿ ಹಾಯುವ ಕಡೆಯಲ್ಲೆಲ್ಲ ರಬ್ಬರಿನ ಉಂಗುರ ಕೂರಿಸಬೇಕು, ಇಲ್ಲದಿದ್ದರೆ ಎಂಜಿನ್ ನಡುಗಿದಾಗ ತಗಡು ವೈರನ್ನು ಕೊಯ್ದುಬಿಡುತ್ತದೆ. ಹೊಟ್ಟೆಯ ಮೇಲೆ ಮಲಗಿ, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ವೈರು ಕತ್ತರಿಸಿ ತಿರುವುವ ಪಕ್ಕಡ ಕೈಯಲ್ಲಿ ಹಿಡಿದು ಎಲ್ಲ ಮಾಡಿ ಮುಗಿಸಿದೆ. ಮುಗಿಸಿದ ದಿನ ಇವರು ಕಟ್ಟುಗಳ ಮೇಲೆ ಬೆರಳಾಡಿಸಿ, "ಛಲೋ ಆಗೈತಿ" ಎಂದರು. ಇವರ ಬಾಯಿಂದ ಅಷ್ಟು ಬಂದರೆ ಬಹಳ.

ಕೆಲವು ದಿನಗಳ ನಂತರ ಬೆಳಿಗ್ಗೆ ಕಸ ಗುಡಿಸಲು ಹೋದಾಗ, ಸೀಟಿನ ಮೇಲೆ ತುರಿದ ಕೊಬ್ಬರಿಯಂತೆ ಬಿಳಿ ಚೂರುಗಳು ಬಿದ್ದಿದ್ದವು. ಮುಟ್ಟಿ ನೋಡಿದೆ. ವೈರಿನ ಮೇಲಿನ ಹೊದಿಕೆ. ಮನೂಕದ ಸಿಹಿಗೆ ಶೆಡ್ಡಿಗೆ ಬರುತ್ತಿದ್ದ ಇಲಿಗಳು ವಿಮಾನವನ್ನೂ ಹೊಕ್ಕಿದ್ದವು.

ಡ್ಯಾಶ್‌ಬೋರ್ಡಿನ ಹಿಂದೆ ಕಡಿದಿದ್ದ ವೈರನ್ನು ಬದಲಿಸಿದೆ. ಆದರೆ ಸೀಟಿನ ಮೇಲಿದ್ದ ಚೂರುಗಳು ಆ ಒಂದು ವೈರಿಗೆ ಹೆಚ್ಚೇ ಆಗಿದ್ದವು.

"ಇನ್ನೆಲ್ಲೋ ಕಡದಾವ್ರಿ. ಪೂರ್ತಿ ಬಿಚ್ಚೂನು" ಅಂದೆ.

"ಪೂರ್ತಿ ಬಿಚ್ಚಬೇಕಂದ್ರ ನೆಲದ ತಗಡೂ ತಗೀಬೇಕು. ಒಮ್ಮೆ ಎಂಜಿನ್ ಚಾಲೂ ಮಾಡಿ ನೋಡೂನು. ಆಮ್ಯಾಲ ಬಿಚ್ಚೂನು."

ಮರುದಿನ ಮಧ್ಯಾಹ್ನ ವಿಮಾನವನ್ನು ಅಂಗಳಕ್ಕೆ ತಳ್ಳಿ, ಚಕ್ರಗಳಿಗೆ ಕಲ್ಲು ಕೊಟ್ಟರು. ಗಾಳಿ ನಿಂತುಹೋಗಿತ್ತು. ಕಬ್ಬಿನ ಗದ್ದೆಯ ಆಚೆ ಮೋಡ ಕಪ್ಪಾಗಿತ್ತು. ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಾನು ರೆಕ್ಕೆಯ ಪಕ್ಕ ನಿಂತೆ. ಎಂಜಿನ್ ಚಾಲೂ ಆಯಿತು. ಮೂತಿಯ ಪಂಖ ತಿರುಗಿತು, ನಮ್ಮ ನಾಯಿ ತೋಟದೊಳಗೆ ಓಡಿಹೋಯಿತು. ಇವರು ಗಾಜಿನ ಒಳಗಿಂದ ನನ್ನತ್ತ ನೋಡಿ ನಕ್ಕರು. ಆ ನಗುವನ್ನು ನಾನು ಮದುವೆಯಾದ ಹೊಸತರಲ್ಲಿ ನೋಡಿದ್ದೆ. ನನಗೆ ಮಾತ್ರ ನಗು ಬರಲಿಲ್ಲ. ಪೆಟ್ರೋಲಿನ ವಾಸನೆ ಬರುತ್ತಿತ್ತು.

ಬಂದ್ ಮಾಡಿ ಎಂದು ಕೈ ಬೀಸಿದೆ. ಅವರು ಎಲ್ಲ ಸ್ವಿಚ್ ಆರಿಸಿದರು. ಪಂಖ ನಿಂತಿತು. ಆ ಮೌನದಲ್ಲಿ ಒಂದು ಸಣ್ಣ ಗುಂಯ್‌ಗುಡುವ ಸದ್ದು ಉಳಿಯಿತು.

"ಏನದು?" ಎಂದೆ.

ಅವರು ಕಿವಿಗೊಟ್ಟರು. "ಪೆಟ್ರೋಲ್ ಪಂಪ್. ಸ್ವಿಚ್ ಬಂದ್ ಐತಿ. ಆದ್ರೂ ತಿರಗಾಕತ್ತೈತಿ."

"ಹೊರಗ ಬರ್ರಿ ಮೊದಲ!"

ಬರಲಿಲ್ಲ. ಸೀಟಿನ ಹಿಂದಕ್ಕೆ ತಿರುಗಿ ಬ್ಯಾಟರಿಯ ವೈರನ್ನು ಕಿತ್ತರು. ಒಂದು ನೀಲಿ ಕಿಡಿ. ಆಮೇಲೆ ಅವರ ಕೈಗಳೇ ಹೊತ್ತಿಕೊಂಡವೇನೋ ಎಂಬಂತೆ ಬೆಂಕಿ ಎದ್ದಿತು.

ಸಿಲಿಂಡರ್ ಒತ್ತುತ್ತಲೇ, ಇನ್ನೊಂದು ಕೈಯಿಂದ ಅವರ ಅಂಗಿ ಹಿಡಿದು ಜಗ್ಗಿದೆ. ಇಬ್ಬರೂ ಮಣ್ಣಿಗೆ ಬಿದ್ದೆವು. ಬೆಂಕಿ ಆರಿತು. ಅಷ್ಟು ಹೊತ್ತಿಗೆ ಅವರ ಎರಡೂ ಅಂಗೈಯ ಚರ್ಮ ಸುಲಿದಿತ್ತು.

ಆಮೇಲೆ ನಾನೊಬ್ಬಳೇ ನೆಲದ ತಗಡು ತೆಗೆದು ನೋಡಿದೆ. ರಬ್ಬರಿನ ಉಂಗುರವೊಂದರ ಹಿಂದೆ, ಕಣ್ಣಿಗೆ ಬೀಳದ ಜಾಗದಲ್ಲಿ, ಬ್ಯಾಟರಿಯಿಂದ ಬರುವ ವೈರು ಮತ್ತು ಪಂಪಿನ ವೈರು ಎರಡನ್ನೂ ಇಲಿಗಳು ಬತ್ತಲೆ ಮಾಡಿದ್ದವು. ತಾಮ್ರಕ್ಕೆ ತಾಮ್ರ ಅಂಟಿಕೊಂಡಿತ್ತು. ಪೆಟ್ರೋಲಿನ ಪೈಪಿನ ರಬ್ಬರಿನ ಮೇಲೂ ಹಲ್ಲಿನ ಗುರುತುಗಳಿದ್ದವು; ಪೆಟ್ರೋಲ್ ಸೋರಿದ್ದು ಅಲ್ಲಿಂದಲೇ.

ಮಿರಜಿನ ಆಸ್ಪತ್ರೆಯಲ್ಲಿ ಪಟ್ಟಿ ಬಿಚ್ಚಿದ ದಿನ ಇವರು ಡಾಕ್ಟರಿಗೆ ಕೇಳಿದ್ದು ಒಂದೇ: "ಪಕ್ಕಡ ಹಿಡಿಯಾಕ ಬರತೈತಿಲ್ರಿ?" ಡಾಕ್ಟರು ನನ್ನ ಮುಖ ನೋಡಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿದೆ, "ಇನ್ನ ನಾ ವೈರ್ ಕಟ್ಟೂದಿಲ್ಲ, ನೋಡ್ರಿ."

ಅವರು ಕಿಟಕಿಯ ಹೊರಗೇ ನೋಡುತ್ತ, "ಹಂಗಾದ್ರ ನಾನ ಕಟ್ಕೋತೀನಿ" ಎಂದರು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಅದಕ್ಕೇ ನನಗೆ ಹೆದರಿಕೆಯಾಯಿತು.

ಈಗ ಶೆಡ್ಡಿನ ಬಾಗಿಲಿಗೆ ಒಳಗಿಂದ ಚಿಲಕ ಹಾಕಿಕೊಳ್ಳುತ್ತಾರೆ. ಊಟಕ್ಕೆ ಕರೆಯಲು ಹೋದಾಗ, ಮಡಚದ ಬೆರಳುಗಳಿಂದ ಪಕ್ಕಡ ಜಾರಿ ತಗಡಿನ ಮೇಲೆ ಬೀಳುವುದು ಕೇಳುತ್ತದೆ. ತಡಕಾಡಿ ಎತ್ತಿಕೊಳ್ಳುವುದು ಕೇಳುತ್ತದೆ. ಮತ್ತೆ ಬೀಳುತ್ತದೆ.