ಗುರಲಿಂಗಪ್ಪ ಮನೆಯಲ್ಲಿ ಇಲ್ಲ

ಮುಂಬಯಿಯ ಪರೇಲಿನ ಒಂದು ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ಕೂತು, ಲಿವರ್ ಕ್ಯಾನ್ಸರ್ ಆದವರ ಮನೆಗಳಿಗೆ ಫೋನ್ ಮಾಡಿ, ಅವರು ಬದುಕಿದ್ದಾರೋ ಇಲ್ಲವೋ ಎಂದು ಕೇಳುವುದು ನನ್ನ ಕೆಲಸ. ಹೀಗೆ ಹೇಳಿದರೆ ಜನ ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ. ಯಾರಾದರೂ ಕೇಳಲೇಬೇಕಲ್ಲ. ಯಾರು ಎಷ್ಟು ತಿಂಗಳು ಬದುಕಿದರು, ಯಾವ ಕಾರಣಕ್ಕೆ ಬದುಕಿದರು ಎಂದು ನಮ್ಮ ಡಾಕ್ಟರ್ ರಮಾನಾಥ ಅಧ್ಯಯನ ನಡೆಸುತ್ತಿದ್ದರು. ಗಡ್ಡೆ ಎಷ್ಟು ದೊಡ್ಡದು, ಎಷ್ಟಿದ್ದವು, ರಕ್ತನಾಳಕ್ಕೆ ಇಳಿದಿತ್ತೋ, ಉಳಿದ ಲಿವರ್ ಎಷ್ಟು ಗಟ್ಟಿ, ಕುಡಿತ ಇತ್ತೋ, ರೋಗಿ ಎದ್ದು ಓಡಾಡುತ್ತಿದ್ದನೋ, ಹೀಗೆ ಹದಿನಾಲ್ಕು ಕಾಲಂ. ಹದಿನೈದನೆಯದು ನನ್ನದು: ‘ಇದ್ದಾರೆ’ ಅಥವಾ ‘ಇಲ್ಲ’.

ಕನ್ನಡದ ರೋಗಿಗಳೆಲ್ಲ ನನ್ನ ಪಾಲಿಗೆ. ನಾನು ವಸಂತಿ, ಹುಟ್ಟಿದ್ದು ಮಾಟುಂಗದಲ್ಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಲೋಕಲ್ ಟ್ರೇನಿನಲ್ಲಿ ಹಿಂದಿ. ಆಸ್ಪತ್ರೆಯವರಿಗೆ ಕನ್ನಡ ಅಂದರೆ ಒಂದೇ ಕನ್ನಡ. ನಾನೂ ಹಾಗೆಯೇ ಅಂದುಕೊಂಡಿದ್ದೆ, ಗುರಲಿಂಗಪ್ಪನನ್ನು ಸಾಯಿಸುವ ತನಕ.

ಗುರಲಿಂಗಪ್ಪ ವಿಜಯಪುರ ಜಿಲ್ಲೆಯವನು. ಹತ್ತೊಂಬತ್ತನೆಯ ವಯಸ್ಸಿಗೆ ಮುಂಬಯಿಗೆ ಬಂದು, ಅಂಧೇರಿಯ ಚಾಳಿನಲ್ಲಿ ಸಂಸಾರ ಹೂಡಿ, ಮೂವತ್ತಮೂರು ವರ್ಷ ಕಂಡವರ ಮನೆಗಳಿಗೆ ಟೈಲ್ಸ್ ಹಚ್ಚಿದ. ಅವನ ಸ್ವಂತ ಖೋಲಿಯ ನೆಲ ಮಾತ್ರ ಇವತ್ತಿಗೂ ಸಿಮೆಂಟಿನದು. ಹಚ್ಚಿದ ಟೈಲನ್ನು ಬೆರಳ ಗೆಣ್ಣಿನಿಂದ ಬಡಿದು, ಸದ್ದು ಕೇಳಿಯೇ ಒಳಗೆ ಪೊಳ್ಳು ಇದೆಯೋ ಇಲ್ಲವೋ ಹೇಳುತ್ತಿದ್ದ. ಕೆಲಸದ ಸೈಟಿನಲ್ಲಿ ನಡೆದ ತಪಾಸಣೆ ಶಿಬಿರದಲ್ಲಿ ಅವನ ಲಿವರಿನಲ್ಲಿ ನಾಲ್ಕು ಸೆಂಟಿಮೀಟರಿನ ಗಡ್ಡೆ ಸಿಕ್ಕಾಗ, “ನಾನೂ ಹೊಟ್ಟಿ ಬಡದು ನೋಡಿದೆ, ಸಪ್ಪಳ ಬರೋಬರಿ ಐತಲ್ರೀ” ಅಂದನಂತೆ.

ಅವನು ಜನ್ಮದಲ್ಲಿ ಒಂದು ಹನಿ ಕುಡಿದವನಲ್ಲ. ಯಾವ ಕಾಲದಿಂದಲೋ ರಕ್ತದಲ್ಲಿ ಸದ್ದಿಲ್ಲದೆ ಕೂತಿದ್ದ ಹೆಪಟೈಟಿಸ್ ಬಿ ವೈರಸ್ಸಿನ ಕೆಲಸ ಅದು. ಆದರೆ ಲಿವರ್ ಅಂದಕೂಡಲೇ ಚಾಳಿಗೆ ಚಾಳೇ ಇವನು ಕದ್ದು ಕುಡಿಯುತ್ತಿದ್ದ ಎಂದು ತೀರ್ಮಾನಿಸಿಬಿಟ್ಟಿತು. ಹೆಂಡತಿ ಸುಂದ್ರವ್ವನಿಗೆ ಕಾಯಿಲೆಗಿಂತ ಇದರದ್ದೇ ಸಂಕಟ. “ಖರೇನ ಕುಡದಿದ್ರ ಒಂದ್ ಸಲ ಬೈದರ ಸಮಾಧಾನ ಆಗ್ತಿತ್ತು, ಅದೂ ಇಲ್ಲ” ಅನ್ನುತ್ತಿದ್ದಳು.

ಆಪರೇಷನ್ ಆಯಿತು, ಗಡ್ಡೆ ತೆಗೆದರು. ದಿನಾ ಒಂದು ಮಾತ್ರೆ, ಮೂರು ತಿಂಗಳಿಗೊಮ್ಮೆ ಸ್ಕ್ಯಾನ್. ಈ ಗಡ್ಡೆ ಮತ್ತೆ ಹುಟ್ಟುವ ಜಾತಿಯದು. ಚಿಕ್ಕದಿರುವಾಗ ಹಿಡಿದರೆ ಬಚಾವು. ಸ್ಕ್ಯಾನಿಗೆ ಕರೆಯುವ ಪಟ್ಟಿ ನನ್ನ ಹದಿನೈದನೆಯ ಕಾಲಂ ನೋಡಿಕೊಂಡು ತಯಾರಾಗುತ್ತದೆ. ‘ಇದ್ದಾರೆ’ ಎಂದಿದ್ದವರಿಗೆ ಕರೆ ಹೋಗುತ್ತದೆ, ‘ಇಲ್ಲ’ ಎಂದಿದ್ದವರಿಗೆ ಹೋಗುವುದಿಲ್ಲ. ಇದರಲ್ಲಿ ತಪ್ಪೇನೂ ಇಲ್ಲ.

ಆಪರೇಷನ್ ಆಗಿ ಆರು ತಿಂಗಳಿಗೆ ಫೋನ್ ಮಾಡಿದೆ. “ಬದುಕಿದ್ದಾರಾ” ಎಂದು ನೇರವಾಗಿ ಕೇಳಲು ಬಾಯಿ ಬರಬೇಕಲ್ಲ ಮಾರಾಯ್ರೆ. “ಗುರಲಿಂಗಪ್ಪನವರು ಇದ್ದಾರಾ?” ಎಂದೆ.

“ಇಲ್ರೀ. ಹೋದ್ರು.”

ನಮ್ಮ ಕಡೆ ಈ ದನಿಯಲ್ಲಿ “ಹೋದ್ರು” ಅಂದರೆ ಮುಗಿಯಿತು. “ಅಯ್ಯೋ ದೇವರೇ. ಯಾವಾಗ?”

“ಮುಂಜಾನೆ ಎಂಟಕ್ಕ.”

“ತುಂಬಾ ಕಷ್ಟಪಟ್ಟರಾ?”

“ಕಷ್ಟ ಏನ್ರೀ, ದಿನಾ ಇದ್ದದ್ದ.”

“ಧೈರ್ಯ ತಂದುಕೊಳ್ಳಿ, ಆಯ್ತಾ?”

“ಆತು ತೊಗೋರಿ” ಎಂದು ಸುಂದ್ರವ್ವ ಫೋನ್ ಇಟ್ಟಳು. ಗಟ್ಟಿ ಹೆಂಗಸು ಅಂದುಕೊಂಡೆ. ಆವತ್ತಿನದೇ ತಾರೀಖು, ಎಂಟು ಗಂಟೆ ಎಂದು ಬರೆದೆ.

ಐದು ತಿಂಗಳ ಮೇಲೆ ಗುರಲಿಂಗಪ್ಪ ಮಾತ್ರೆ ಮುಗಿಯಿತೆಂದು ಆಸ್ಪತ್ರೆಗೆ ಬಂದ. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ, ರೋಗಿ ತೀರಿಕೊಂಡಿದ್ದಾರೆ, ನೀವು ಅವರಿಗೆ ಏನಾಗಬೇಕು ಎಂದು ಹಿಂದಿಯಲ್ಲಿ ಕೇಳಿದಳು. ತಾನೇ ಆಗಬೇಕು ಎಂದು ಇವನು ಹೇಳಿದ. ಅವಳು ನನ್ನ ಹತ್ತಿರ ಕಳಿಸಿದಳು.

ಬಂದವನು ಮೊದಲು ನನ್ನ ಕೋಣೆಯ ನೆಲ ಬಡಿದು, “ಇದು ಪೊಳ್ಳು ಐತ್ರೀ, ಕಾಲಿಡಬ್ಯಾಡ್ರಿ” ಅಂದ. ಆಮೇಲೆ ಕುರ್ಚಿಯಲ್ಲಿ ಕೂತ. “ಅಕ್ಕಾರ, ನಾ ಸತ್ತೇನಂತ. ಯಾರ ಹೇಳಿದ್ರು?”

“ನಿಮ್ಮ ಹೆಂಡತಿ” ಎಂದೆ.

“ಆಕಿ ಹೇಳಿದ್ರ ಇರಬೇಕು ಬಿಡ್ರಿ.”

“ಸ್ಕ್ಯಾನಿಗೆ ನೀವಾದರೂ ಬರಬಾರದಿತ್ತಾ?” ಎಂದು ರೇಗಿದೆ. ತಪ್ಪು ನನ್ನದೇ ಆದಾಗ ನನಗೆ ಸಿಟ್ಟು ಜಾಸ್ತಿ.

“ನಾವಽ ಕರೀತೀವಿ ಅಂದಿದ್ರಿ. ಕಾದೆ” ಅಂದ.

ಅವತ್ತೇ ಸ್ಕ್ಯಾನ್ ಮಾಡಿಸಿದೆ. ಹೊಸ ಗಡ್ಡೆ, ಎರಡೂಮುಕ್ಕಾಲು ಸೆಂಟಿಮೀಟರ್. ಸೂಜಿ ಹಾಕಿ ಸುಟ್ಟರು. ಸಮಯಕ್ಕೆ ಕರೆದಿದ್ದರೆ ಎಷ್ಟಿರುತ್ತಿತ್ತು ಎಂದು ಡಾಕ್ಟರನ್ನು ಕೇಳಿದೆ. ಒಂದು, ಒಂದೂವರೆ ಇರುತ್ತಿತ್ತೇನೋ ಎಂದರು. ಅದರಿಂದ ಆಯುಸ್ಸಿಗೆ ವ್ಯತ್ಯಾಸ ಆಗುತ್ತದೋ ಅಂದೆ. ನೂರು ಜನಕ್ಕೆ ಹೇಳಬಹುದು ವಸಂತಿ, ಒಬ್ಬನಿಗೆ ಹೇಳಲಾಗುವುದಿಲ್ಲ ಎಂದರು. ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತು.

ಸತ್ತ ತಾರೀಖಿನ ನಂತರ ಸ್ಕ್ಯಾನ್ ಇದ್ದರೆ ಆ ಅಧ್ಯಯನದ ಕಂಪ್ಯೂಟರ್ ಒಪ್ಪುವುದಿಲ್ಲವಂತೆ. ಸ್ಕ್ಯಾನಿನ ಪಟ್ಟಿಗೆ ಅವನ ಹೆಸರು ವಾಪಸು ಬಂತು, ಅಧ್ಯಯನದಿಂದ ಮಾತ್ರ ತೆಗೆದುಹಾಕಿದರು. ಬದುಕಿದವರ ಲೆಕ್ಕದಲ್ಲೂ ಅವನಿಲ್ಲ, ಸತ್ತವರ ಲೆಕ್ಕದಲ್ಲೂ ಇಲ್ಲ. ಹಾಗಾಗಿ ನಾನೇ ಒಂದು ನೋಟ್‌ಬುಕ್ ಇಟ್ಟೆ. ತಿಂಗಳ ಮೊದಲ ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ ಫೋನ್.

“ಇದ್ದಾರಾ?”

“ಇಲ್ರೀ. ಗೋರೆಗಾಂವ್‌ಕ ಹೋಗ್ಯಾರ, ಬಾತ್‌ರೂಮ್ ಕೆಲಸ. ಸಂಜೀಗೆ ಬರ್ತಾರ, ಜೀವಂತ. ಏನ್ ಬರಕೊಂಡ್ರಿ, ಓದಿ ಹೇಳ್ರಿ ನೋಡೂಣು.” ನನ್ನ ಮೇಲೆ ಸುಂದ್ರವ್ವನಿಗೆ ನಂಬಿಕೆ ಹೋಗಿತ್ತು. ಪ್ರತಿ ಸಲವೂ ಓದಿಸಿಕೊಂಡೇ ಬಿಡುತ್ತಿದ್ದಳು.

“‘ಇಲ್ಲ, ಗೋರೆಗಾಂವ್, ಬಾತ್‌ರೂಮ್’ ಅಂತ ಬರೆದೆ.”

“ಹಾಂ, ಹಂಗ ಬರೀರಿ.”

ಇಲ್ಲ, ಮಲಾಡ್, ಅಡುಗೆಮನೆ. ಇಲ್ಲ, ವಿಲೇಪಾರ್ಲೆ, ಮೆಟ್ಟಿಲು. ಇಲ್ಲ, ಚಾಳಿನ ಗಣಪತಿ ಮಂಟಪ, ಪುಕ್ಕಟೆ. ಇಪ್ಪತ್ತೆರಡು ತಿಂಗಳು ಹೀಗೆ ಬರೆದೆ. ಹಗಲು ಹನ್ನೊಂದಕ್ಕೆ ಗುರಲಿಂಗಪ್ಪ ಮನೆಯಲ್ಲಿ ಇಲ್ಲ ಅಂದರೆ ಅವನ ಮೈಯಲ್ಲಿ ಕಸುವಿದೆ ಎಂದೇ ಅರ್ಥ. ಆ “ಇಲ್ರೀ” ಕೇಳಿದ ಮೇಲೆಯೇ ನಾನು ಚಹಾಕ್ಕೆ ಏಳುತ್ತಿದ್ದೆ. ಬೇರೆ ಯಾವ ಮನೆಯ “ಇಲ್ಲ” ಕೇಳಿಯೂ ನನಗೆ ಅಷ್ಟು ಖುಷಿಯಾದದ್ದಿಲ್ಲ.

ಈ ತಿಂಗಳ ಮಂಗಳವಾರವೂ ಫೋನ್ ಮಾಡಿದೆ. ‘ಇಲ್ಲ’ ಎಂದು ಆಗಲೇ ಬರೆದಿದ್ದೆ. ಜಾಗದ ಹೆಸರೊಂದೇ ಬಾಕಿ.

“ಇದ್ದಾರಾ?”

“ಅದಾರ್ರೀ” ಅಂದಳು ಸುಂದ್ರವ್ವ.

“ಎಂತ? ಮನೆಯಲ್ಲೇ ಇದ್ದಾರಾ?”

“ಮನ್ಯಾಗ ಅದಾರ್ರೀ. ನಾಕ್ ದಿನಾ ಆತು, ಎದ್ದಿಲ್ಲ. ಕಣ್ಣು ಹಳದಿ ಆಗ್ಯಾವ.”

ನನಗೆ ಹೆದರಿಕೆಯಾಯಿತು. ಈಗಲೇ ಟ್ಯಾಕ್ಸಿ ಮಾಡಿಕೊಂಡು ಕರೆತನ್ನಿ, ಗೇಟಿನಲ್ಲೇ ನಿಂತಿರುತ್ತೇನೆ ಅಂದೆ. ಹೂಂ ಅಂದಳು. ಫೋನ್ ಮಾತ್ರ ಇಡಲಿಲ್ಲ.

“ಅಕ್ಕಾರ, ಏನ್ ಬರಕೊಂಡ್ರಿ?”

ಬರೆದದ್ದನ್ನು ಹೊಡೆದುಹಾಕಿದೆ. “‘ಇದ್ದಾರೆ’ ಅಂತ.”

“ಹಾಂ” ಅಂದಳು. “ಹಂಗ ಬರೀರಿ.”